ಒಂಬತ್ತು ಕೋಟೆ ಬೇಡ, ಮೂರು ಸಾಕು

ತಮ್ಮಾ, ಅಕ್ಟೋಬರಿನಲ್ಲಿ ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆದುಕೊಂಡು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕಾರು ಬಾಡಿಗೆಗೆ ಪಡೆದು, ಏಳು ದಿನಗಳಲ್ಲಿ ಒಂಬತ್ತು ಕೋಟೆಗಳನ್ನು ನೋಡುವ ನಿನ್ನ ಪಟ್ಟಿಯನ್ನು ಓದಿದೆ. ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ, ನಮ್ಮ ಮನೆಯವರ ಈ ಗುಂಪಿನ ಹಿರಿಯರು ಸಹಿಸಿಕೊಳ್ಳಬೇಕು.

ಜರ್ಮನರು 'ಬುರ್ಗ್' ಎನ್ನುವುದು ನಮ್ಮ ಕೋಟೆ. 'ಶ್ಲಾಸ್' ಎನ್ನುವುದು ಹೆಚ್ಚು ಕಡಿಮೆ ಅರಮನೆ. ನಿನ್ನ ಪಟ್ಟಿಯಲ್ಲಿ ಮೊದಲು ನಿಂತಿರುವ ನಾಯ್‌ಶ್ವಾನ್‌ಸ್ಟೈನ್ ಎರಡನೆಯ ಬಗೆಯದು. ಬವೇರಿಯಾದ ದೊರೆ ಎರಡನೆಯ ಲುಡ್ವಿಗ್ ಅದನ್ನು ಕಟ್ಟಿಸಲು ತೊಡಗಿದ್ದು 1869ರಲ್ಲಿ, ಜರ್ಮನಿಯಲ್ಲಿ ರೈಲು ಓಡಲಾರಂಭಿಸಿ ಮೂವತ್ತು ವರ್ಷ ಕಳೆದ ಮೇಲೆ. ಚೆಲುವಿಗೇನೂ ಕೊರತೆಯಿಲ್ಲ. ಆದರೆ ಅದು ಫ್ರಾಂಕ್‌ಫರ್ಟಿನಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಟಿಕೆಟಿನಲ್ಲಿ ಬರೆದಿರುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿರಬೇಕು, ಒಳಗಿನ ಸುತ್ತೋ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ನಾವು ಕಾರು ನಿಲ್ಲಿಸಲು ಜಾಗ ಹುಡುಕುತ್ತಲೇ ಹೊತ್ತು ಮೀರಿಸಿಕೊಂಡು, ಹೊರಗೋಡೆಯನ್ನಷ್ಟೇ ನೋಡಿ ಮರಳಿದೆವು.

ಅದರ ಬದಲು ರೈನ್ ನದಿಯ ದಂಡೆ ಹಿಡಿ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿಲೋಮೀಟರಿನಲ್ಲಿ ನಲವತ್ತರಷ್ಟು ಕೋಟೆಗಳಿದ್ದು, ಹೆಚ್ಚಿನವನ್ನು ಕಾರಿನಿಂದಲೇ ಕಾಣಬಹುದು. ಈ ಕಣಿವೆ 2002ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಡುವೆ ಸೇತುವೆಯಿಲ್ಲದ್ದರಿಂದ ಸಾಂಕ್ಟ್ ಗೋವಾರ್‌ನಲ್ಲಿ ಕಾರಿನ ಸಮೇತ ದೋಣಿಯೇರಿ ಆಚೆ ದಡ ಸೇರಿ, ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್‌ಗೆ ಹೋಗು. ಆ ಭಾಗದ ಬೆಟ್ಟದ ಕೋಟೆಗಳಲ್ಲಿ ಎಂದೂ ನಾಶವಾಗದೆ ಉಳಿದದ್ದು ಅದೊಂದೇ. ಒಳಗೆ ಕುದುರೆ ಹತ್ತಲೆಂದು ಬಂಡೆಯಲ್ಲೇ ಕಡಿದ ಏರುಪೇರಾದ ಮೆಟ್ಟಿಲುಗಳಿವೆ. ಮೊಣಕಾಲು ನೋವಿನ ಚಿಕ್ಕಮ್ಮನಿಗೆ ಅಲ್ಲಿ ಯಾರಾದರೂ ಕೈ ಹಿಡಿದುಕೊಳ್ಳಬೇಕು.

ಮೊಸೆಲ್ ನದಿಯ ಬಳಿಯ ಕಾಡಿನಲ್ಲಿರುವ ಎಲ್ಟ್ಸ್ ಕೋಟೆಗೆ ಮಾತ್ರ ಪೂರ್ತಿ ಒಂದು ದಿನ ಇಡು. ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ಅದು ಒಂದೇ ಮನೆತನದ ಕೈಯಲ್ಲಿದೆ. ಆ ಮನೆತನದ ಮೂರು ಕವಲಿನವರು ಒಂದೇ ಅಂಗಳದ ಸುತ್ತ ಬೇರೆ ಬೇರೆ ಮನೆ ಕಟ್ಟಿಕೊಂಡು ಬಾಳಿದ್ದನ್ನು ನೋಡಿದಾಗ, ಪಾಲಾದ ಮೇಲೂ ಒಂದೇ ಸೂರಿನಡಿ ಉಳಿದ ನಮ್ಮ ತೊಟ್ಟಿಮನೆ ನೆನಪಾಯಿತು. ಅವರೆಲ್ಲ ಸೇರುತ್ತಿದ್ದ ಸಭಾಂಗಣದ ಮೂಲೆಗಳಲ್ಲಿ ವಿದೂಷಕರ ಮುಖವಾಡಗಳಿವೆ: ಇಲ್ಲಿ ಬಾಯಿಬಿಟ್ಟು ಮಾತಾಡಬಹುದು ಎಂದು ಅರ್ಥ. ಬಾಗಿಲ ಮೇಲೊಂದು ಗುಲಾಬಿಯಿದೆ: ಆಡಿದ ಮಾತು ಹೊರಗೆ ಹೋಗಕೂಡದು ಎಂದು. ನಮ್ಮ ಈ ಗುಂಪಿಗೂ ಅಂಥದೊಂದು ಗುಲಾಬಿ ಬೇಕಿತ್ತು. ಕಾರು ನಿಲ್ಲಿಸುವಲ್ಲಿಂದ ಕೆಳಗಿಳಿಯುವ ದಾರಿ ಕಡಿದಾಗಿರುವುದರಿಂದ ಹಿರಿಯರನ್ನು ಅಲ್ಲಿನ ಪುಟ್ಟ ಬಸ್ಸಿನಲ್ಲಿ ಕಳುಹಿಸು. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ, ಆದ್ದರಿಂದ ಪ್ರವಾಸವನ್ನು ನವೆಂಬರಿಗೆ ತಳ್ಳಬೇಡ.

ಮರಳುವಾಗ ಹೈಡೆಲ್‌ಬರ್ಗ್ ನೋಡಿದರಾಯಿತು. 1689 ಮತ್ತು 1693ರಲ್ಲಿ ಫ್ರೆಂಚ್ ಸೇನೆ ಹಾಳುಗೆಡವಿದ ಅರಮನೆಗೆ ಹಳಿಯ ಮೇಲಿನ ಬಂಡಿ ಏರಿಸುತ್ತದೆ, ಚಿಕ್ಕಮ್ಮ ನಡೆಯಬೇಕಿಲ್ಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟನ್ನು ಹೊರಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಮಾಡಿಸಿಕೋ. ಉಳಿದ ಆರು ಹೆಸರುಗಳನ್ನು ಹೊಡೆದುಹಾಕಿ ಹೊಸ ಪಟ್ಟಿ ಕಳುಹಿಸು, ದಾರಿಯನ್ನು ದಿನಕ್ಕೊಂದರಂತೆ ಗುರುತು ಹಾಕಿಕೊಡುತ್ತೇನೆ.