ಹಸಿರು ದೀಪ ಬರುತ್ತದೆ, ಆದರೆ ಅಮ್ಮನ ಸ್ಕೂಟರ್ ಓಡುವುದಿಲ್ಲ

ಪ್ರಶ್ನೆ: ಅಮ್ಮನ ಮೊಬಿಲಿಟಿ ಸ್ಕೂಟರ್ (ನಡೆಯಲು ಕಷ್ಟವಾದವರು ಕೂತು ಓಡಿಸುವ ಬ್ಯಾಟರಿ ಗಾಡಿ) ಮೂರು ತಿಂಗಳು ಸುಮ್ನೆ ನಿಂತಿತ್ತು. ಈಗ ಚಾರ್ಜಿಗೆ ಹಾಕಿದ ಹತ್ತೇ ನಿಮಿಷಕ್ಕೆ ಹಸಿರು ದೀಪ ಬರುತ್ತದೆ. ಸ್ವಲ್ಪ ಏರು ಸಿಕ್ಕರೆ ಬ್ಯಾಟರಿ ಮೀಟರಿನ ಮುಳ್ಳು ಕೆಂಪಿಗೆ ಇಳಿಯುತ್ತದೆ. ಅಮ್ಮ ಹೊರಗೆ ಹೋಗಲು ಹೆದರುತ್ತಿದ್ದಾರೆ. ಚಾರ್ಜರ್ ಕೆಟ್ಟಿದೆಯಾ?

ಉತ್ತರ 1: ನನಗೆ ಬ್ಯಾಟರಿ ಮೇಲೇ ಅನುಮಾನ ಜಾಸ್ತಿ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗಿ ನಿಂತರೆ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಬೇಗ ತುಂಬಿದಂತೆ ಕಾಣುತ್ತದೆ, ಬೇಗ ಬರಿದಾಗುತ್ತದೆ. ಸಾಮಾನ್ಯವಾಗಿ ಒಳಗೆ 12 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು, ಮಲ್ಟಿಮೀಟರಿನಲ್ಲಿ (ವೋಲ್ಟ್ ಅಳೆಯುವ ಸಾಧನ) ಒಂದೊಂದನ್ನೇ ಅಳೆಯಿರಿ. 12.7 ವೋಲ್ಟ್ ಆಸುಪಾಸು ಇರಬೇಕು. ನನ್ನ ಸ್ಕೂಟರಿನಲ್ಲಿ ಒಂದು 11.9ಕ್ಕೆ ಬಿದ್ದಿತ್ತು.

ಉತ್ತರ 2: ಬದಲಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದೂ ಬೇಗ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು: ಅಳೆದೆ. ಒಂದು 12.6, ಇನ್ನೊಂದು 11.4! ಎರಡನ್ನೂ ಬದಲಿಸುತ್ತೇನೆ.