ಸಹಾಯ ಬೇಕು: ಪೊಲೀಸ್ ಕೆಲಸದಲ್ಲಿ ಬಳಲಿದ ಯಜಮಾನರಿಗೆ ಆಪ್ತಸಮಾಲೋಚನೆ

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು. ನನ್ನ ಯಜಮಾನರು ಹದಿನೇಳು ವರ್ಷಗಳಿಂದ ಪೊಲೀಸ್ ಇಲಾಖೆಯಲ್ಲಿದ್ದು, ಈಗ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾರೆ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ಬಂದೋಬಸ್ತ್ ಮುಗಿಸಿ ಬಂದ ರಾತ್ರಿ ಒಂದು ಬೂಟಿನ ಲೇಸು ಬಿಚ್ಚಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಗೋಡೆ ನೋಡುತ್ತ ಒಂದು ಗಂಟೆ ಕುಳಿತಿದ್ದರು. ತಟ್ಟೆಯಲ್ಲಿದ್ದ ರೊಟ್ಟಿ ಒಣಗಿಹೋಯಿತು. ಮೊದಲೆಲ್ಲ ದೂರು ತಂದವರ ಕಷ್ಟವನ್ನು ಮನೆಯಲ್ಲಿ ಹೇಳಿಕೊಂಡು ಮರುಗುತ್ತಿದ್ದವರು ಈಗ "ಯಾರಿಗೆ ಏನಾದರೆ ನನಗೇನು" ಎನ್ನುತ್ತಾರೆ. ನನಗೆ ಹೆಚ್ಚು ಭಯವಾಗಿರುವುದು ಆ ಮಾತಿನಿಂದಲೇ.

ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲಿ ಇಂಥ ಬಳಲಿಕೆಯನ್ನು ಕಾಯಿಲೆ ಎನ್ನದೆ, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದ ಫಲವೆಂದು ಗುರುತಿಸಿದೆ. ಅಲ್ಲಿ ಹೇಳಿದ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ಕುಗ್ಗಿದ ಕಾರ್ಯಕ್ಷಮತೆ ಮೂರೂ ಇವರಲ್ಲಿವೆ.

1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ಊರಿನಲ್ಲಿದ್ದರೂ, ಆಸ್ಪತ್ರೆಗೆ ಹೋದರೆ ಠಾಣೆಯಲ್ಲಿ ಸುದ್ದಿಯಾಗಿ ಬಡ್ತಿಗೆ ಅಡ್ಡಿಯಾದೀತೆಂದು ಯಜಮಾನರು ಒಪ್ಪುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕಿದೆ ಎಂದು ತೋರಿಸಿದರೂ ನಂಬಿಕೆ ಬಂದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ನಾನೇ ಕರೆ ಮಾಡಿದೆ. ಇವರು ಫೋನ್ ಮುಟ್ಟಲಿಲ್ಲ.

ಇಲಾಖೆಯಲ್ಲಿದ್ದುಕೊಂಡೇ ಆಪ್ತಸಮಾಲೋಚನೆ ಪಡೆದವರು ಈ ಗುಂಪಿನಲ್ಲಿದ್ದರೆ, ದಯವಿಟ್ಟು ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ. ನನ್ನ ನೂರು ಮಾತಿಗಿಂತ ಅದೇ ಖಾಕಿ ತೊಟ್ಟವರೊಬ್ಬರು ಹತ್ತು ನಿಮಿಷ ಮಾತನಾಡಿದರೆ ಇವರು ಕೇಳಿಯಾರು. ವೈದ್ಯಕೀಯ ರಜೆಯ ಅರ್ಜಿಯಲ್ಲಿ ಕಾರಣವನ್ನು ಹೇಗೆ ಬರೆಯಬೇಕೆಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.