ಹೊಂಗೆ, ಹರಳು, ಲವಂಗದ ಎಣ್ಣೆಗಳನ್ನು ಮನೆಮದ್ದಾಗಿ ಎಷ್ಟರಮಟ್ಟಿಗೆ ಬಳಸಬಹುದು?

ಪ್ರಶ್ನೆ (ಮಧುಗಿರಿ):
ನಮ್ಮ ಅತ್ತೆಯವರು ಬದುವಿನ ಹೊಂಗೆ ಬೀಜವನ್ನು ಗಾಣಕ್ಕೆ ಕೊಟ್ಟು ತೆಗೆಸಿದ ಎಣ್ಣೆಯನ್ನು ಕಜ್ಜಿಗೂ, ಮನೆಯಲ್ಲೇ ಕಾಯಿಸಿದ ಹರಳೆಣ್ಣೆಯನ್ನು ಮಲಬದ್ಧತೆಗೂ, ಅಂಗಡಿಯ ಲವಂಗದ ಎಣ್ಣೆಯನ್ನು ಹಲ್ಲುನೋವಿಗೂ ಬಳಸುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ, ನಾನೀಗ ಗರ್ಭಿಣಿ. ಯಾವುದರಲ್ಲಿ ನಿಜವಾದ ಗುಣವಿದೆ, ಯಾವುದಕ್ಕೆ ಎಚ್ಚರ ಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ಶಿರಾ):
ಮೊದಲಿಗೆ, ಬಸುರಿಯಾದ ನೀವು ಹರಳೆಣ್ಣೆಯನ್ನು ಕುಡಿಯಲೇಬೇಡಿ. ಈ ಎಣ್ಣೆಯ ಬಹುಪಾಲು ರಿಸಿನೋಲಿಕ್ ಆಮ್ಲ. ಅದು ಸಣ್ಣ ಕರುಳಿನಲ್ಲಿ ಬಿಡುಗಡೆಯಾಗಿ ಭೇದಿ ಮಾಡಿಸುತ್ತದೆ. ಕರುಳಿನ ಯಾವ ಗ್ರಾಹಕದ (ರಾಸಾಯನಿಕ ಸಂಕೇತವನ್ನು ಹಿಡಿಯುವ ಜೀವಕೋಶದ ಅಣುವಿನ) ಮೂಲಕ ಅದು ಕೆಲಸ ಮಾಡುತ್ತದೆಯೋ ಅದೇ ಗ್ರಾಹಕದ ಮೂಲಕ ಗರ್ಭಕೋಶವನ್ನೂ ಸಂಕುಚಿಸುತ್ತದೆ ಎಂಬುದನ್ನು ಜರ್ಮನಿಯ ಸಂಶೋಧಕರು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಉಳಿದ ದೊಡ್ಡವರಿಗೆ ಅಪರೂಪಕ್ಕೊಮ್ಮೆ ಕೊಡುವ ರೂಢಿಗೆ ಆಧಾರವಿದೆ. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಚೆನ್ನಾಗಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನಷ್ಟೇ ಬಸಿದುಕೊಳ್ಳುವ ನಿಮ್ಮ ಅತ್ತೆಯವರ ಕ್ರಮದಲ್ಲಿ ದೊಡ್ಡ ವಿವೇಕವಿದೆ: ಬೀಜದಲ್ಲಿರುವ ರಿಸಿನ್ ಎಂಬ ಕಡುವಿಷ ಎಣ್ಣೆಯಲ್ಲಿ ಕರಗುವುದಿಲ್ಲ, ದೀರ್ಘ ಕುದಿತಕ್ಕೆ ಶಕ್ತಿಗುಂದುತ್ತದೆ.

ಉತ್ತರ (ತುಮಕೂರು):
ನನಗೆ ಹೆಚ್ಚು ಆತಂಕವಿರುವುದು ಲವಂಗದ ಎಣ್ಣೆಯ ಬಗ್ಗೆ. ಗಾಣದ ಎಣ್ಣೆಯಂತಲ್ಲದೆ ಇದನ್ನು ಹಬೆಯಿಂದ ಬಟ್ಟಿ ಇಳಿಸುವುದರಿಂದ ಸತ್ವವೆಲ್ಲ ಸಾಂದ್ರವಾಗಿರುತ್ತದೆ. ಇದರ ಮುಖ್ಯ ಅಂಶವಾದ ಯೂಜೆನಾಲ್ ನೋವನ್ನು ಮರಗಟ್ಟಿಸುತ್ತದೆ. ದಂತವೈದ್ಯರೂ ಅದನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಆದರೆ ನೇರವಾಗಿ ಹಚ್ಚಿದರೆ ವಸಡು ಸುಡುತ್ತದೆ, ಹುಳುಕು ಹಾಗೆಯೇ ಉಳಿಯುತ್ತದೆ. ಒಂದೆರಡು ಚಮಚ ನುಂಗಿದ ಮಕ್ಕಳಲ್ಲಿ ಯಕೃತ್ತು ತೀವ್ರವಾಗಿ ಹಾಳಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆ ಶೀಶೆಯನ್ನು ದಯಮಾಡಿ ಮಗುವಿನ ಕೈಗೆ ಎಟುಕದ ಕಡೆ ಇಡಿ.

ಹೊಂಗೆ ಎಣ್ಣೆ ಹೊರಗೆ ಹಚ್ಚುವುದಕ್ಕೆ ಮಾತ್ರ. ಅದರಲ್ಲಿರುವ ಕರಂಜಿನ್ ಕೀಟಗಳಿಗೆ ಮಾರಕವೆಂಬುದು ನಿಜವಾದರೂ, ಬೆರಳ ಸಂದಿಯಲ್ಲಿ ಗುಳ್ಳೆಯೆದ್ದು ರಾತ್ರಿ ತುರಿಕೆ ಹೆಚ್ಚುವ ಹುಳಕಜ್ಜಿಗೆ ಅದನ್ನೇ ನಂಬಿ ಕೂರಬೇಡಿ. ವೈದ್ಯರು ಬರೆದುಕೊಡುವ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ನಿಮ್ಮ ಸ್ಥಿತಿಯನ್ನು ಅವರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಎಣ್ಣೆ ತೆಗೆದ ಮೇಲೆ ಉಳಿಯುವ ಹರಳಿನ ಚರಟವನ್ನು ಹಸುವಿಗೆ ಹಾಕಬಹುದೇ?

ಉತ್ತರ (ಶಿರಾ):
ಖಂಡಿತ ಬೇಡ. ಗಾಣದ ಹರಳು ಹಿಂಡಿಯಲ್ಲಂತೂ ರಿಸಿನ್ ಉಳಿದಿರುತ್ತದೆ. ಮನೆಯ ಚರಟ ಪೂರ್ತಿ ಬೆಂದಿದೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು. ಎರಡನ್ನೂ ಗೊಬ್ಬರವಾಗಿ ಗಿಡದ ಬುಡಕ್ಕೆ ಹಾಕಿ, ಮೇಲೆ ಮಣ್ಣು ಮುಚ್ಚಿ. ತೆರೆದಿಟ್ಟರೆ ನಾಯಿಗಳು ತಿಂದು ಸಾಯುವುದುಂಟು.